ಕ್ರೂಸ್‌ಗೆ ಬಾಲ್ಕನಿ ರೂಮಾ, ಕಿಟಕಿಯಿಲ್ಲದ ರೂಮಾ? ಎರಡರಲ್ಲೂ ಮಲಗಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಿಟಕಿಯಿಲ್ಲದ ರೂಮಿಗೆ. ಮೊದಲ ಕ್ರೂಸ್‌ಗೆ, ಅಂದರೆ ಹಡಗಿನಲ್ಲೇ ಉಳಿದು ಸುತ್ತುವ ಪ್ರವಾಸಕ್ಕೆ, ಬಾಲ್ಕನಿ ರೂಮು ತೆಗೆದುಕೊಂಡಿದ್ದೆವು, ಎರಡನೆಯದಕ್ಕೆ ಹಡಗಿನ ಹೊಟ್ಟೆಯೊಳಗಿನ ಒಂದು ಗೂಡು. ನಿದ್ದೆ ಬಂದಿದ್ದು ಗೂಡಿನಲ್ಲಿ.

ಬಾಲ್ಕನಿ ಬೇಕು ಅನ್ನಿಸಿದ್ದು ಆ ಫೋಟೋಗಳನ್ನು ನೋಡಿ. ಕೈಯಲ್ಲಿ ಕಾಫಿ ಕಪ್ಪು, ಎದುರಿಗೆ ಸಮುದ್ರ. ಸುಳ್ಳೇನಲ್ಲ, ಮೊದಲ ಬೆಳಿಗ್ಗೆ ನಾನೂ ಹಾಗೇ ಕೂತಿದ್ದೆ. ಆದರೆ ಹಡಗು ಗಂಟೆಗೆ ಮೂವತ್ತು ಮೂವತ್ತೈದು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಗಾಳಿ ಹೇಗಿರುತ್ತೆ ಅಂತ ಫೋಟೋದಲ್ಲಿ ಕಾಣುವುದಿಲ್ಲ ಅಲ್ವಾ? ಕೂದಲೆಲ್ಲ ಬಾಯೊಳಗೆ, ಕೈಯಿಟ್ಟರೆ ಕಂಬಿಯೆಲ್ಲ ಉಪ್ಪುಪ್ಪು ಅಂಟು. ಬಾಗಿಲು ತೆರೆದಿಟ್ಟರೆ ಒಳಗೆ ಎಸಿ ತಾನಾಗಿ ನಿಲ್ಲುತ್ತಿತ್ತು. ಏಳು ದಿನದಲ್ಲಿ ನಾವು ಅಲ್ಲಿ ಕೂತಿದ್ದು ಒಟ್ಟು ಐದಾರು ಗಂಟೆ ಇರಬಹುದು, ಅಷ್ಟೇ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಬೇರೆ.

ಮೊದಲ ರಾತ್ರಿ ಕಳೆದು ಇನ್ನೂ ಬೆಳಕು ಹರಿದಿರಲಿಲ್ಲ, ತಲೆಯ ಮೇಲೆ ಗಡಗಡ ಸದ್ದು. "ರೀ, ಗುಡುಗಾ?" ಅಂದೆ. ನಮ್ಮವರು ಎದ್ದು ಹೊರಗೆ ನೋಡಿದರು, ಆಕಾಶ ತಿಳಿಯಾಗಿತ್ತು. ಸದ್ದು ನಿಂತಿತು, ಇನ್ನೇನು ಕಣ್ಣು ಮುಚ್ಚಬೇಕು ಅನ್ನುವಷ್ಟರಲ್ಲಿ ಕರ್ರ್ ಅಂತ ಮತ್ತೆ ಶುರು. ಮರುದಿನವೂ ಅದೇ ಹೊತ್ತಿಗೆ. ಮೂರನೇ ದಿನ ನಾನೇ ಎದ್ದು ಮೆಟ್ಟಿಲು ಹತ್ತಿ ನೋಡಿದೆ. ನಮ್ಮ ರೂಮಿನ ನೇರ ಮೇಲೆ ಸ್ವಿಮ್ಮಿಂಗ್ ಪೂಲ್. ಬಿಸಿಲಿಗೆ ಮೈಯೊಡ್ಡಿ ಮಲಗುವ ಉದ್ದನೆಯ ಕುರ್ಚಿಗಳನ್ನೆಲ್ಲ ಇಬ್ಬರು ಹುಡುಗರು ಒಂದು ಕಡೆಗೆ ಎಳೆದು, ನೆಲಕ್ಕೆ ಪೈಪಿನಲ್ಲಿ ನೀರು ಬಿಟ್ಟು ತೊಳೆದು, ಮತ್ತೆ ಒಂದೊಂದಾಗಿ ಎಳೆದು ಸಾಲಾಗಿ ಜೋಡಿಸುತ್ತಿದ್ದರು. ನನ್ನನ್ನು ನೋಡಿ ನಗುತ್ತಾ ಗುಡ್ ಮಾರ್ನಿಂಗ್ ಅಂದರು. ಅವರ ಮೇಲೆ ಏನಂತ ಸಿಟ್ಟು ಮಾಡಿಕೊಳ್ಳುವುದು?

ಕೌಂಟರಿಗೆ ಹೋಗಿ ಕೇಳಿದೆ. ಹಡಗು ಭರ್ತಿ, ರೂಮು ಬದಲಿಸಲು ಆಗುವುದಿಲ್ಲ ಅಂತ ವಿನಯವಾಗಿ ಹೇಳಿ, ಕಿವಿಗೆ ತುರುಕಿಕೊಳ್ಳುವ ಸ್ಪಂಜು ನಾಲ್ಕು ಕೊಟ್ಟು ಕಳಿಸಿದರು.

ತಪ್ಪು ನಮ್ಮದೂ ಇತ್ತು. ಸ್ವಲ್ಪ ಅಗ್ಗಕ್ಕೆ ಸಿಗುತ್ತೆ ಅಂತ ನಾವು ಬುಕ್ ಮಾಡಿದ್ದು "ಗ್ಯಾರಂಟಿ" ರೂಮು. ಹೆಸರು ಕೇಳಿ ಏನೋ ಭರವಸೆ ಅಂದುಕೊಂಡಿದ್ದೆ. ಅದರ ಅರ್ಥ ಇಷ್ಟೇ: ನೀವು ಕೇಳಿದ ದರ್ಜೆಯ ಒಂದು ರೂಮು ಖಂಡಿತ ಕೊಡುತ್ತೇವೆ, ಯಾವುದು, ಎಲ್ಲಿ ಅಂತ ಆರಿಸುವುದು ನಾವು. ನೋಡಿಕೊಂಡು ಆರಿಸುವವರು ಬಿಟ್ಟುಹೋದ ರೂಮುಗಳು ಬರುವುದು ನಮ್ಮಂಥವರ ಪಾಲಿಗೇ.

ಎರಡನೇ ಸಲ ಅದಕ್ಕೇ ರೂಮಿನ ನಂಬರು ನೋಡಿ ಆರಿಸಿದೆ. ಪ್ರತಿ ಹಡಗಿಗೂ ಡೆಕ್ ನಕ್ಷೆ, ಅಂದರೆ ಒಂದೊಂದು ಮಹಡಿಯ ನಕ್ಷೆ, ನೆಟ್‌ನಲ್ಲಿ ಸಿಗುತ್ತದೆ. ನಮ್ಮ ಡೆಕ್ಕು, ಅದರ ಮೇಲಿನದು, ಕೆಳಗಿನದು, ಮೂರನ್ನೂ ಪ್ರಿಂಟ್ ಹಾಕಿ, ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಮೇಲೂ ರೂಮು, ಕೆಳಗೂ ರೂಮು, ಅಂಥದ್ದೇ ಬೇಕು ಅಂತ ಹಟ. ನಾಟಕಶಾಲೆ, ಡ್ಯಾನ್ಸ್ ಫ್ಲೋರು, ಅಡುಗೆಮನೆ ಇವುಗಳ ಮೇಲೆ ಕೆಳಗೆ ಬೇಡ. ತೀರಾ ಮುಂದುಗಡೆಯೂ ಬೇಡ, ಬೆಳಿಗ್ಗೆ ಬಂದರಿಗೆ ಬರುವಾಗ ಲಂಗರಿನ ಸರಪಳಿ ಇಳಿಸಿದರೆ ಹಾಸಿಗೆಯೇ ನಡುಗುತ್ತಂತೆ. ಹಾಗೆ ಸಿಕ್ಕಿದ್ದು ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಟ್ಟನಡುವಿನ ಒಳರೂಮು. ಬಾಲ್ಕನಿಗಿಂತ ಎಷ್ಟೋ ಕಡಿಮೆ ದುಡ್ಡು.

ಮೊದಲ ರಾತ್ರಿ ದೀಪ ಆರಿಸಿದಾಗ ಎದೆ ಸ್ವಲ್ಪ ಢವಢವ ಅಂದಿದ್ದು ನಿಜ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲು. ಆಮೇಲೆ ಟಿವಿಯಲ್ಲಿ ಒಂದು ಚಾನೆಲ್ ಸಿಕ್ಕಿತು, ಹಡಗಿನ ಮುಂದಿನ ಕ್ಯಾಮೆರಾದ ಚಿತ್ರ ಇಪ್ಪತ್ನಾಲ್ಕು ಗಂಟೆಯೂ ಬರುವಂಥದ್ದು. ಸೌಂಡ್ ತೆಗೆದು ಹಾಗೇ ಬಿಟ್ಟು ಮಲಗಿದೆವು. ಬೆಳಗಾಗುತ್ತಿದ್ದಂತೆ ಟಿವಿ ತಾನಾಗಿ ಬೆಳ್ಳಗಾಗುತ್ತಿತ್ತು, ರೂಮಿನಲ್ಲೂ ಬೆಳಕು. ಕೆಲವು ಹಡಗುಗಳು ಇದನ್ನೇ ಇನ್ನೂ ಚೆನ್ನಾಗಿ ಮಾಡಿವೆ. 2011ರಲ್ಲಿ ಬಂದ ಡಿಸ್ನಿ ಡ್ರೀಮ್‌ನ ಒಳರೂಮುಗಳಲ್ಲಿ ಗೋಡೆಗೆ ದುಂಡನೆ ಕಿಟಕಿಯ ಹಾಗೆ ಪರದೆ ಇದೆ, ಅದರಲ್ಲಿ ಹೊರಗಿನ ಸಮುದ್ರ ಆಗಿಂದಾಗಲೇ ಕಾಣುತ್ತದೆ.

ಅಲುಗಾಟದ ವಿಷಯದಲ್ಲೂ ಗೂಡಿಗೇ ಮಾರ್ಕು ಜಾಸ್ತಿ. ಪಾರ್ಕಿನಲ್ಲಿ ಮಕ್ಕಳು ಕೂತು ಆಡುವ ಸೀ-ಸಾ ಹಲಗೆಯಲ್ಲಿ ಎರಡು ತುದಿಗಳು ಏರಿಳಿಯುತ್ತವೆ, ನಡು ಹೆಚ್ಚು ಅಲ್ಲಾಡುವುದಿಲ್ಲ, ಹಡಗೂ ಹಾಗೇ. ಮೇಲಕ್ಕೆ ಹೋದಷ್ಟೂ ತೂಗಾಟ ಹೆಚ್ಚು. ಬಾಲ್ಕನಿಗಳು ಸಾಮಾನ್ಯವಾಗಿ ಇರುವುದು ಮೇಲಿನ ಡೆಕ್ಕುಗಳಲ್ಲಿ. ಆದರೂ ನ್ಯಾಯವಾಗಿ ಹೇಳಬೇಕು, ಹೊಟ್ಟೆ ತೊಳಸಿದಾಗ ದೂರದ ದಿಗಂತ ನೋಡುತ್ತಾ ಕೂತರೆ ಸಮಾಧಾನ. ಒಳರೂಮಿನಲ್ಲಿದ್ದರೆ ಅದಕ್ಕೆ ಮೇಲಕ್ಕೆ ಹತ್ತಿ ಹೋಗಬೇಕು.

ಊಟ, ಪೂಲು, ಶೋ, ಎರಡಕ್ಕೂ ಒಂದೇ. ಹೊರಡುವ ಮೊದಲಿನ ಸುರಕ್ಷತಾ ಕವಾಯತು ಕೂಡ, ಯಾವ ರೂಮಾದರೂ ತಪ್ಪುವುದಿಲ್ಲ.

ಸಾಮಾನು ಇಡುವ ಜಾಗ ಒಳರೂಮಿನಲ್ಲಿ ಕಮ್ಮಿ. ಆದರೆ ಗೋಡೆ ಉಕ್ಕಿನದು, ಅಯಸ್ಕಾಂತದ ಕೊಕ್ಕೆ ಅಂಟಿಸಿ ಟೋಪಿ, ಚೀಲ ಎಲ್ಲ ತೂಗುಹಾಕಿದೆವು.

ಉಳಿದ ದುಡ್ಡು ಬಂದರುಗಳಲ್ಲಿ ಸುತ್ತಾಡಲು ಹೋಯಿತು. ದೂರದ ಜಾಗಗಳಿಗೆ ಹಡಗಿನವರೇ ಏರ್ಪಡಿಸುವ ಟೂರಿನಲ್ಲಿ ಹೋದೆವು, ರೇಟು ಜಾಸ್ತಿ, ಆದರೆ ತಡವಾದರೆ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿ ಮಾಡಿಕೊಂಡು ಹೋದವರಿಗೆ ಕಾಯುವುದಿಲ್ಲ. ದಡದಲ್ಲಿ ಚೀಲ ಹಿಡಿದು ಓಡಿ ಬರುತ್ತಿದ್ದ ಇಬ್ಬರನ್ನು ಮೇಲಿನಿಂದ ನೋಡಿದೆ, ಪಾಪ ಅನ್ನಿಸಿತು.

ನಾನು ರೂಮಿಗೆ ಹೋಗುವುದು ಮಲಗಲಿಕ್ಕೆ ಮಾತ್ರ, ನನಗೆ ಗೂಡು ಸಾಕು. ಹಗಲೂ ರೂಮಿನಲ್ಲೇ ಸುಮ್ನೆ ಓದುತ್ತಾ ಕೂರುವವರಿಗೆ, ಮುಚ್ಚಿದ ಜಾಗ ಅಂದರೆ ಉಸಿರು ಕಟ್ಟುವವರಿಗೆ ಇದು ಬೇಡವೇ ಬೇಡ. ಇನ್ನು ಅಲಾಸ್ಕಾ, ನಾರ್ವೆಯ ಫಿಯೋರ್ಡ್‌ಗಳಂಥ (ಬೆಟ್ಟಗಳ ನಡುವೆ ಒಳಹೊಕ್ಕ ಸಮುದ್ರದ ಕವಲು) ಕಡೆ, ಹಡಗು ಹೋಗುತ್ತಿರುವಾಗಲೇ ಬೆಟ್ಟ, ಹಿಮ ಎಲ್ಲ ಪಕ್ಕದಲ್ಲೇ ಸಾಗುತ್ತವೆ, ಅಲ್ಲಿ ಬಾಲ್ಕನಿಗೆ ಕೊಟ್ಟ ದುಡ್ಡು ದಂಡವಲ್ಲ. ಅಲಾಸ್ಕಾಗೆ ಕೆನಡಾದ ವ್ಯಾಂಕೂವರ್‌ನಿಂದ ಉತ್ತರಕ್ಕೆ ಒನ್‌ವೇ ಹೋಗುವುದಾದರೆ ದಡ ಇರುವುದು ಬಲಗಡೆಗೆ, ಅದನ್ನೂ ನೋಡಿಯೇ ಆರಿಸಬೇಕು.

ನಮ್ಮವರು ಮುಂದಿನ ಸಲ ಅಲಾಸ್ಕಾ, ಅದೂ ಬಾಲ್ಕನಿಯೇ ಅಂತ ಪಟ್ಟು ಹಿಡಿದಿದ್ದಾರೆ. ಸರಿ ಅಂದಿದ್ದೇನೆ. ನಂಬರು ಮಾತ್ರ ನಾನೇ ಆರಿಸುವುದು, ಡೆಕ್ ನಕ್ಷೆ ಆಗಲೇ ಪ್ರಿಂಟ್ ಹಾಕಿಸಿ ಇಟ್ಟಾಗಿದೆ.