ವಲ್ಹಲ್ಲಾ ಸೂಪರ್‌ಮ್ಯಾಸಿವ್: ಒಂದು ಸಲ ಸ ಹಿಡಿದ್ರೆ ಬಿಡದೇ ಇರೋ ಫ್ರೀ ಪ್ಲಗಿನ್

ಸ್ನೇಹಿತನ ನಾಟಕದಲ್ಲಿ ಒಂದು ಸೀನಿಗೆ ಹಿಂದೆ ಗುಂಯ್ ಅಂತ ಒಂದೇ ಸಮ ನಾದ ಬೇಕಿತ್ತು, ಸೀನ್ ಮುಗಿಯೋವರೆಗೂ ನಿಲ್ಲಬಾರದು, ಆದ್ರೆ ತಂಬೂರಿ ಬೇಡ ಅಂದ, ತಂಬೂರಿ ಕೇಳ್ಸಿದ ತಕ್ಷಣ ಜನ ಕಛೇರಿ ಅನ್ಕೊಂಡು ತಾಳ ಹಾಕೋಕೆ ಕೈ ರೆಡಿ ಮಾಡ್ಕೋತಾರೆ ಅಂತ ಅವನ ವಾದ. ಸರಿ, ಸೈಡ್ ವಿಂಗ್‌ನಲ್ಲಿ ನಾನೇ ಮೈಕ್ ಹಿಡ್ಕೊಂಡು ಒಂದು ಸ ಹಾಡೋದು, ಅದನ್ನ ಲ್ಯಾಪ್‌ಟಾಪ್ ಎಳ್ಕೊಂಡು ಹೋಗೋದು ಅಂತ ಆಯ್ತು. ಅದಕ್ಕೆ ಬಳಸಿದ್ದು ವಲ್ಹಲ್ಲಾ ಡಿಎಸ್‌ಪಿಯವರ ಸೂಪರ್‌ಮ್ಯಾಸಿವ್ ಅನ್ನೋ ಪ್ಲಗಿನ್, ಅಂದ್ರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಸೇರಿಸ್ಕೊಳ್ಳೋ ಪುಟ್ಟ ಪ್ರೋಗ್ರಾಂ. 2020ರಲ್ಲಿ ಬಂದಿದ್ದು, ವಿಂಡೋಸ್ ಮ್ಯಾಕ್ ಎರಡಕ್ಕೂ ಇದೆ, ಪೂರ್ತಿ ಫ್ರೀ. ಇವರದೇ ಬೇರೆ ಪ್ಲಗಿನ್‌ಗಳಿಗೆ 50 ಡಾಲರ್ ಇರುತ್ತೆ, ಇದಕ್ಕೆ ಯಾಕೆ ದುಡ್ಡು ತಗೊಳಲ್ವೋ ಗೊತ್ತಿಲ್ಲ, ನಾನಂತೂ ಕೇಳೋಕೆ ಹೋಗಲ್ಲ.

ಹೆಸರಿಗೆ ಇದು ಡಿಲೇ (ಸದ್ದನ್ನ ತಡವಾಗಿ ಮತ್ತೆ ಕೇಳ್ಸೋದು) ಮತ್ತು ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಸದ್ದು ಉಳಿದಂಗೆ ಕೇಳ್ಸೋದು). ಡ್ರೋನ್, ಅಂದ್ರೆ ಒಂದೇ ಸಮ ನಿಲ್ಲೋ ನಾದ, ಅಂತ ಎಲ್ಲೂ ಬರೆದಿಲ್ಲ. ಆದ್ರೆ ಫೀಡ್‌ಬ್ಯಾಕ್ ನಾಬ್ (ಹೊರಗೆ ಬಂದ ಸದ್ದನ್ನ ಮತ್ತೆ ಒಳಗೆ ಕಳ್ಸೋದು) ಮೇಲೆ ಏರಿಸ್ತಾ ಹೋದಂಗೆ ಸದ್ದಿನ ಬಾಲ ಉದ್ದ ಆಗ್ತಾ ಆಗ್ತಾ ಕೊನೆಗೆ ಕರಗೋದನ್ನೇ ಮರೆತುಬಿಡುತ್ತೆ, ನಮಗೆ ಬೇಕಿರೋದೂ ಅದೇ. ಮೋಡ್‌ಗಳಿಗೆಲ್ಲ ಆಕಾಶದ ಹೆಸರು: ಜೆಮಿನಿ, ಹೈಡ್ರಾ, ಗ್ರೇಟ್ ಆನಿಹಿಲೇಟರ್, ಆಂಡ್ರೊಮೆಡಾ. ಜೆಮಿನಿ ಬೇಗ ಎದ್ದು ಬೇಗ ಮುಗಿಯುತ್ತೆ, ನಮ್ಮ ಕೆಲಸಕ್ಕೆ ಬರಲ್ಲ. ಆಂಡ್ರೊಮೆಡಾ ನಿಧಾನಕ್ಕೆ ಏಳುತ್ತೆ, ನೀವು ಹಾಡಿ ಬಾಯಿ ಮುಚ್ಚಿದ ಮೇಲೆ ಯಾವಾಗ್ಲೋ ತುಂಬ್ಕೊಂಡು ಬರುತ್ತೆ, ನೀವು ಎಲ್ಲಿ ಶುರು ಮಾಡಿದ್ರಿ ಅನ್ನೋದೇ ಕೇಳೋರಿಗೆ ಗೊತ್ತಾಗಲ್ಲ. ನಾನು ಅದರಲ್ಲೇ ಇದ್ದೀನಿ.

ನನ್ನ ಸೆಟ್ಟಿಂಗ್ ಹೇಳ್ಬಿಡ್ತೀನಿ. ಪ್ಲಗಿನ್‌ನ ದನಿಯ ಟ್ರ್ಯಾಕ್ ಮೇಲೆ ಹಾಕ್ಬೇಡಿ, ಬೇರೆ ರಿಟರ್ನ್ ಟ್ರ್ಯಾಕ್‌ನಲ್ಲಿ (ಎಫೆಕ್ಟ್‌ಗೇ ಮೀಸಲಾದ ಟ್ರ್ಯಾಕ್) ಹಾಕಿ ಮಿಕ್ಸ್ ನೂರಕ್ಕೆ ಇಡಿ, ಆಗ ಅಲ್ಲಿಂದ ಬರೀ ಎಫೆಕ್ಟ್ ಸದ್ದೇ ಬರುತ್ತೆ, ಮೈಕ್‌ನಿಂದ ಸೆಂಡ್ ಕೊಡಿ, ಅಂದ್ರೆ ದನಿಯ ಒಂದು ಪ್ರತಿ ಅಲ್ಲಿಗೆ ಹೋಗ್ಲಿ. ಯಾಕಂದ್ರೆ ಇದರಲ್ಲಿ ಫ್ರೀಜ್ ಬಟನ್ (ಇರೋ ಸದ್ದನ್ನ ಹಂಗೇ ಹಿಡಿದು ನಿಲ್ಲಿಸೋದು) ಇಲ್ಲ. ಏಬಲ್ಟನ್ ಲೈವ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ರಿವರ್ಬ್‌ನಲ್ಲಿ ಫ್ರೀಜ್ ಇದೆ, ಜೊತೆಗೆ ಕಟ್ ಅಂತ ಒಂದಿದೆ, ಅದನ್ನ ಒತ್ತಿದ್ರೆ ಹೊಸ ಸ್ವರ ಒಳಗೆ ಹೋಗಲ್ಲ. ಇಲ್ಲಿ ಆ ಕೆಲಸ ಸೆಂಡ್ ನಾಬ್‌ನಲ್ಲೇ ಮಾಡ್ಕೋಬೇಕು, ಸ ಹಾಡುವಾಗ ತೆಗೆಯೋದು, ಮುಗಿದ ಕೂಡ್ಲೇ ಮುಚ್ಚೋದು. ವಾರ್ಪ್ ಅನ್ನೋ ನಾಬ್ ಜಾಸ್ತಿ ಇಡಿ, ಪ್ರತಿಧ್ವನಿಗಳೆಲ್ಲ ಒಂದಕ್ಕೊಂದು ಕಲೆಸ್ಕೊಳುತ್ತೆ, ಸೊನ್ನೆಯಲ್ಲಿದ್ರೆ ಕಣಿವೆಯಲ್ಲಿ ಕೂಗಿದಂಗೆ ಪ್ರತಿಧ್ವನಿ ಎಣಿಸ್ಬೋದು. ನಂದು ಒಂದೂವರೆ ಶ್ರುತಿ (ಸಿ ಶಾರ್ಪ್), ಕೆಳಗಿನ ಸ 138 ಹರ್ಟ್ಸ್ ಆಸುಪಾಸು, ಅದಕ್ಕೆ 100ರ ಕೆಳಗಿರೋದನ್ನೆಲ್ಲ ಕತ್ತರಿಸಿಬಿಟ್ಟೆ, ಇಲ್ದಿದ್ರೆ ಫ್ಯಾನ್ ಗಾಳಿ, ಮೈಕ್ ಸ್ಟ್ಯಾಂಡ್ ಅಲುಗಾಟ ಎಲ್ಲಾ ಸೇರ್ಕೊಂಡು ಗೊಡಗೊಡ ಅಂತ ಬೆಳೀತಾ ಹೋಗುತ್ತೆ.

ಮುಖ್ಯವಾದ್ದು ಮಾಡ್ ಡೆಪ್ತ್ ನಾಬ್, ಸದ್ದು ಎಷ್ಟು ಅಲುಗಬೇಕು ಅನ್ನೋದು. ಅದನ್ನ ಏರಿಸಿದ್ರೆ ಶ್ರುತಿ ಸಣ್ಣಗೆ ಆ ಕಡೆ ಈ ಕಡೆ ತೂಗುತ್ತೆ, ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಮೇಲೆ ಚೆನ್ನಾಗಿರುತ್ತೆ, ಆದ್ರೆ ಅದರ ಮೇಲೆ ಕೂತು ಹಾಡ್ಬೇಕು ಅಂದ್ರೆ ಎರಡು ನಿಮಿಷದಲ್ಲಿ ಕಿವಿ ಸೋಲುತ್ತೆ. ಸೊನ್ನೆ ಹತ್ರ ಇಟ್ರೆ ಸ ಗಟ್ಟಿಯಾಗಿ ನಿಲ್ಲುತ್ತೆ.

ಇನ್ನು ತಂಬೂರಿ ಬದಲು ಇದನ್ನ ಬಳಸ್ಬೋದಾ ಅಂತ ಸಂಗೀತ ಪಾಠದಲ್ಲಿ ಜೊತೆಗಿರೋರು ಕೇಳಿದ್ರು. ಬೇಡ. ತಂಬೂರಿಯಲ್ಲಿ ತಂತಿ ಕೆಳಗೆ ದಾರ ಸರಿಸಿ ಜೀವಾಳ ಕೂರಿಸ್ತಾರಲ್ಲ, ಆ ಝೇಂಕಾರ ಇದರಲ್ಲಿ ಬರಲ್ಲ, ಪ್ರತಿ ಮೀಟಿಗೆ ಹೊಸದಾಗಿ ಹುಟ್ಟೋ ಸದ್ದೂ ಇಲ್ಲ. ಅದಕ್ಕಿಂತ ದೊಡ್ಡ ತೊಂದ್ರೆ, ತಂಬೂರಿಗೆ ನೀವು ಏನು ಹಾಡ್ತಿದ್ದೀರಿ ಅನ್ನೋದು ಬೇಕಾಗಿಲ್ಲ, ಇದು ಹಾಡಿದ್ದನ್ನೆಲ್ಲ ನುಂಗಿ ಇಟ್ಕೊಳುತ್ತೆ. ಸೆಂಡ್ ತೆಗೆದಿಟ್ಟು ಮೋಹನ ಹಾಡಿದೆ, ಐದೇ ಸ್ವರ, ಒಂದರ ಮೇಲೊಂದು ಬಿದ್ರೂ ಹಿತವಾಗೇ ಇತ್ತು. ಅದೇ ಧೈರ್ಯದಲ್ಲಿ ಮಾಯಾಮಾಳವಗೌಳ ಎತ್ಕೊಂಡೆ ನೋಡಿ, ಸ ಪಕ್ಕದಲ್ಲೇ ಶುದ್ಧ ರಿಷಭ, ಪ ಪಕ್ಕದಲ್ಲೇ ಶುದ್ಧ ಧೈವತ, ಎಲ್ಲಾ ಒಟ್ಟಿಗೆ ನಿಂತು ಜಗಳ. ಗಮಕ ಅಂತೂ ಒಳಗೆ ಹೋದ್ರೆ ಬರೀ ಕೆಸರು. ಸ, ಪ ಇಷ್ಟೇ ತಿನ್ನಿಸಿ, ಸೆಂಡ್ ಮುಚ್ಚಿ, ಆಮೇಲೆ ನಿಮ್ಮ ಪಾಡಿಗೆ ಹಾಡ್ಕೊಳ್ಳಿ.

ಫೀಡ್‌ಬ್ಯಾಕ್ ನೂರಕ್ಕಿಟ್ಟು ಹಾಡ್ತಾನೇ ಇರ್ಬೇಡಿ, ಲೆವೆಲ್ ಪೇರಿಕೊಂಡು ಹೋಗುತ್ತೆ, ಅದರ ನಂತರ ಒಂದು ಲಿಮಿಟರ್ (ಸದ್ದು ಮಿತಿ ಮೀರದಂಗೆ ತಡೆಯೋದು) ಇರ್ಲಿ. ಸ್ಪೀಕರ್ ಸದ್ದು ಮೈಕ್‌ಗೆ ಬಿದ್ರೂ ಅದೇ ಕಥೆ, ಹೆಡ್‌ಫೋನ್ ಹಾಕ್ಕೊಳ್ಳಿ. ಲೇಟೆನ್ಸಿ, ಅಂದ್ರೆ ಹಾಡಿದ್ದು ಕಂಪ್ಯೂಟರ್ ಒಳಗೆ ಹೋಗಿ ಬರೋ ತಡ, ಅದರ ಚಿಂತೆ ಬೇಡ, ಹಿಂದಿನಿಂದ ನಿಧಾನಕ್ಕೆ ಏಳೋ ಸದ್ದಿಗೆ ಹತ್ತು ಮಿಲಿಸೆಕೆಂಡ್ ತಡ ಆದ್ರೆ ಯಾರಿಗೆ ಗೊತ್ತಾಗುತ್ತೆ, ನಾನು ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳೋ ಸದ್ದಿನ ತುಣುಕು, ದೊಡ್ಡದಾದಷ್ಟೂ ತಡ ಜಾಸ್ತಿ, ಹೊರೆ ಕಮ್ಮಿ) 512ರಲ್ಲಿಟ್ಟು ಹಳೇ ಲ್ಯಾಪ್‌ಟಾಪಲ್ಲೇ ಓಡಿಸಿದೆ.

ಒಂದು ದಿನ ಬೆಳಿಗ್ಗೆ ಮನೇಲಿ ಪ್ರಾಕ್ಟೀಸ್ ಮಾಡುವಾಗ ಸೆಂಡ್ ಮುಚ್ಚೋದು ಮರೆತೆ, ಕಿಟಕಿ ಬೇರೆ ತೆಗೆದಿತ್ತು, ರಸ್ತೆಯಲ್ಲಿ ಸೊಪ್ಪಿನಮ್ಮ "ಸೊಪ್ಪೋ" ಅಂತ ಕೂಗಿದ್ದು ಪೂರ್ತಿ ಒಳಗೆ ಹೋಯ್ತು. ಆ "ಓ" ಹಂಗೇ ನಿಂತ್ಬಿಡ್ತು, ಆಯಮ್ಮ ಮುಂದಿನ ಬೀದಿಗೆ ಹೋದ್ರೂ ನನ್ನ ರೂಮಲ್ಲಿ ಕೂಗ್ತಾನೇ ಇದ್ದಾಳೆ. ಸ್ನೇಹಿತನಿಗೆ ಕಳ್ಸಿದೆ. ನಾಟಕಕ್ಕೆ ಅವನು ಅದನ್ನೇ ಇಟ್ಕೊಂಡ, ನಂದನ್ನ ಬಿಟ್ಟ.