ಎರಡು ಸ್ಟಾರ್, ಅದೂ ಗಾಡಿ ಓಡಿಸಿದ ರೀತಿಗೆ

ಅಮ್ಮನ ಕಣ್ಣು ತೋರಿಸೋಕೆ ತುಮಕೂರಿನ ಬಟವಾಡಿಯಿಂದ ಬೆಂಗಳೂರಿಗೆ ಆಪ್‌ನಲ್ಲಿ ಟ್ಯಾಕ್ಸಿ ಬುಕ್ ಮಾಡಿದ್ದೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಬಂತು. ಆದರೆ ಆಪ್ ತೋರಿಸಿದ್ದು ಹಳದಿ ಬೋರ್ಡು, ಬಂದು ನಿಂತದ್ದು ಬಿಳಿ ಬೋರ್ಡು. "ನಮ್ಮ ಗಾಡಿ ಸರ್ವೀಸಿಗೆ ಬಿಟ್ಟಿದೀನಿ ಮೇಡಂ, ಇದು ನಮ್ಮಣ್ಣಂದು" ಅಂದರು ಡ್ರೈವರ್.

ಅಮ್ಮ ಬುತ್ತಿ ಸಮೇತ ಹತ್ತಿ ಕೂತಾಗಿತ್ತು. ನಾನೂ ಸುಮ್ನೆ ಹತ್ತಿದೆ. ತಪ್ಪು ನನ್ನದೇ.

ಕ್ಯಾತಸಂದ್ರ ಟೋಲ್ ದಾಟಿದ ಮೇಲೆ ಇನ್ನೊಂದು ವರಸೆ. "ಆಪ್‌ನಲ್ಲಿ ಕ್ಯಾನ್ಸಲ್ ಮಾಡಿ, ಕ್ಯಾಶ್ ಕೊಡಿ, ನೂರು ರೂಪಾಯಿ ಕಮ್ಮಿ ಮಾಡ್ತೀನಿ." ಇದಕ್ಕೆ ಮಾತ್ರ ಒಪ್ಪಲಿಲ್ಲ. ಕ್ಯಾನ್ಸಲ್ ಮಾಡಿದರೆ ಆಪ್ ಲೆಕ್ಕದಲ್ಲಿ ನಾವು ಆ ಗಾಡಿಯಲ್ಲೇ ಇಲ್ಲ, ಅಲ್ವಾ? ಬಿಳಿ ಬೋರ್ಡಿಗಿರುವುದು ಸ್ವಂತ ಬಳಕೆಯ ಇನ್ಶೂರೆನ್ಸ್. ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ಇನ್ಶೂರೆನ್ಸಿನವರು ತಕರಾರು ತೆಗೆಯುತ್ತಾರೆ. ಗಾಡಿಗಳ ದಾಖಲೆ ತೋರಿಸೋ ಸರ್ಕಾರಿ ಆಪ್ ಎಂಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿದೆ. ಆ ಇನ್ಶೂರೆನ್ಸೂ ಮುಗಿದು ಎರಡು ತಿಂಗಳಾಗಿತ್ತು! ನೆಲಮಂಗಲದವರೆಗೂ ಅಮ್ಮನಿಗೆ ಹೇಳಲಿಲ್ಲ.

ಆಪ್‌ನಲ್ಲಿ ದೂರು ಕೊಟ್ಟರೆ "ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅನ್ನೋ ಮೆಸೇಜು, ಅಷ್ಟೇ. ಗೂಗಲ್‌ನಲ್ಲಿ ಸಿಕ್ಕಿದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದೆ. ತುಂಬಾ ನಯವಾದ ದನಿ. ರೀಫಂಡಿಗೆ ಸ್ಕ್ರೀನ್ ಶೇರ್ ಆಪ್ ಹಾಕಿಕೊಳ್ಳಬೇಕಂತೆ. ಇದು ಮೋಸ ಅಂತ ಗೊತ್ತಾಯ್ತು, ತಕ್ಷಣ ಕಟ್ ಮಾಡಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಿಳಿಸಿದೆ.

ಓಡಿಸಿದ್ದು ಮಾತ್ರ ನೀಟಾಗಿತ್ತು, ಹಂಪ್‌ನಲ್ಲೂ ಕುಲುಕಲಿಲ್ಲ. ವಾಪಸ್ ಬರುವಾಗ ಕೆಎಸ್‌ಆರ್‌ಟಿಸಿ ಬಸ್ ಹತ್ತಿದೆವು. ಅಮ್ಮನಿಗೆ ಕಿಟಕಿ ಸೀಟು ಸಿಕ್ಕಿತು.