ಕೂಪರ್ ಬ್ಲ್ಯಾಕ್: ಬೆಲ್ಲದ ಹೆಸರಿಗೆ ಚೆಂದ, ಬೆಲೆ ಬರೆಯೋಕೆ ಕಷ್ಟ

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಆಲೆಮನೆಯವರ ಬೆಲ್ಲದ ಪ್ಯಾಕೆಟ್, ಚಕ್ಕುಲಿ ಕವರ್, ಬೇಕರಿ ಡಬ್ಬದ ಲೇಬಲ್, ಇವೇ ಜಾಸ್ತಿ. ‘ಹಳೇ ಕಾಲದ ಥರ ಇರಲಿ ಸಾರ್’ ಅಂತ ಗಿರಾಕಿ ಅಂದರೆ ಇಂಗ್ಲಿಷ್ ಹೆಸರಿಗೆ ನಾನು ತೆಗೆಯುವುದು ಕೂಪರ್ ಬ್ಲ್ಯಾಕ್ ಅನ್ನೋ ದಪ್ಪ ಫಾಂಟ್. ವರ್ಷಗಳಿಂದ ಹೀಗೇ ನಡೆದಿದೆ.

ಫಾಂಟ್ ನಿಜಕ್ಕೂ ಹಳೆಯದು. ಷಿಕಾಗೋದ ಆಸ್ವಾಲ್ಡ್ ಕೂಪರ್ ಬರೆದದ್ದು, 1922ರಲ್ಲಿ ಅಚ್ಚುಮೊಳೆಯಾಗಿ ಮಾರುಕಟ್ಟೆಗೆ ಬಂತು. ಸೆರಿಫ್, ಅಂದರೆ ಅಕ್ಷರದ ಗೆರೆಗಳ ತುದಿಯಲ್ಲಿ ಸಣ್ಣ ಚಾಚು, ಇದೆ, ಆದರೆ ಒಂದು ಮೂಲೆಯೂ ಚೂಪಾಗಿಲ್ಲ. ದೊಡ್ಡ ‘ಓ’ (O) ನೋಡಿ, ಊಟ ಮುಗಿಸಿ ಗೋಡೆಗೆ ಒರಗಿದ ಅಜ್ಜನ ಹಾಗೆ ಹಿಂದಕ್ಕೆ ವಾಲಿರುತ್ತದೆ.

ನನಗೆ ಇಷ್ಟವಾದದ್ದು ಅದು ಕನ್ನಡದ ಪಕ್ಕ ಕೂರುವ ರೀತಿ. ನಮ್ಮ ಅಕ್ಷರಗಳೆಲ್ಲ ದುಂಡಗೆ. ಪಕ್ಕದಲ್ಲಿ ಚೂಪು ತುದಿಯ ಇಂಗ್ಲಿಷ್ ಹಾಕಿದರೆ ಎರಡು ಬೇರೆ ಲೇಬಲ್ ಅಂಟಿಸಿದಂತೆ ಕಾಣುತ್ತದೆ. ‘ಅಚ್ಚು ಬೆಲ್ಲ’ ಅಂತ ಬಲೂ ತಮ್ಮ ಅನ್ನೋ ಕನ್ನಡ ಫಾಂಟ್‌ನಲ್ಲಿ ದಪ್ಪಗೆ ಬರೆದು, ಕೆಳಗೆ ಕೂಪರ್ ಬ್ಲ್ಯಾಕ್ ಇಟ್ಟು ನೋಡಿ. ಎರಡಕ್ಕೂ ಒಂದೇ ಮೈಕಟ್ಟು. ಬಲೂ ತಮ್ಮ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಕಿರಿಕಿರಿ ಶುರುವಾಗುವುದು ಬೆಲೆ ಬರೆಯುವಾಗ. ₹ ಚಿಹ್ನೆ ಬಂದದ್ದು 2010ರಲ್ಲಿ. ನನ್ನ ಹತ್ತಿರ ಇರುವ ಕೂಪರ್ ಬ್ಲ್ಯಾಕ್ ಪ್ರತಿ ಅದಕ್ಕಿಂತ ಹಳೆಯದು. ಟೈಪ್ ಮಾಡಿದರೆ ಖಾಲಿ ಚೌಕ ಬರುತ್ತದೆ, ಇಲ್ಲವೇ ಬೇರೆ ಫಾಂಟ್‌ನ ಸಣಕಲು ಚಿಹ್ನೆ. ಅಂಥ ದಪ್ಪ 80ರ ಪಕ್ಕ ಅದನ್ನು ನೋಡೋಕಾಗಲ್ಲ. ಬೆಲೆಯೇ ಮುಖ್ಯವಾದ ಅಂಗಡಿಗಳಿಗೆ ಕೆಲಸ ಮಾಡುವವನಿಗೆ ಇದು ಸಣ್ಣ ತೊಂದರೆ ಅಲ್ಲ.

ಅದಕ್ಕೇ ₹ ನಾನೇ ಮಾಡುತ್ತೇನೆ. ಕೋರೆಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ದೊಡ್ಡ ‘ಆರ್’ (R) ಟೈಪ್ ಮಾಡಿ, ಕಂಟ್ರೋಲ್ ಕ್ಯೂ ಒತ್ತಿ ಅದನ್ನು ತಿದ್ದಬಹುದಾದ ಗೆರೆಗಳಾಗಿ ಮಾಡಿಕೊಂಡು, ಎಡಗಡೆಯ ಕಂಬ ಕತ್ತರಿಸಿ ತೆಗೆಯುವುದು. ಮೇಲಿನ ಗೆರೆಯನ್ನು ಎಡಕ್ಕೆ ಎಳೆಯುವುದು. ಎರಡನೇ ಗೆರೆ ಹಾಕುವಾಗಲೇ ಪೇಚಾಟ: ಆ ‘ಆರ್’ನ ಹೊಟ್ಟೆಯೊಳಗೆ ಜಾಗವೇ ಇಲ್ಲ, ಗೆರೆ ಇಟ್ಟರೆ ಮುಚ್ಚಿಹೋಗುತ್ತದೆ. ಹೊಟ್ಟೆ ಸ್ವಲ್ಪ ಹಿಗ್ಗಿಸಬೇಕು, ಗೆರೆ ತೆಳು ಮಾಡಬೇಕು, ಆಮೇಲೆ ತುದಿಗಳನ್ನು ಒಂದೊಂದಾಗಿ ದುಂಡಗೆ ಮಾಡಬೇಕು. ಬೆಳಿಗ್ಗೆ ಕರೆಂಟ್ ಹೋಗುವ ಮುಂಚೆ, ಕಾಫಿ ಕುಡಿಯುತ್ತಾ ಈ ಕೆಲಸಕ್ಕೆ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹಾಗೆ ತಿದ್ದುತ್ತಾ ತಿದ್ದುತ್ತಾ ಈ ಫಾಂಟ್‌ನ ಮೇಲೆ ನನಗಿದ್ದ ಕೋಪ ಇಳಿಯಿತು. ಪ್ರತಿ ತಿರುವನ್ನೂ ಕೈಯಲ್ಲಿ ಬರೆದವನ ಶ್ರದ್ಧೆ ಅಷ್ಟು ಹತ್ತಿರದಿಂದ ನೋಡಿದಾಗಲೇ ಕಾಣುವುದು.

₹ ಇರುವ ಹೊಸ ಪ್ರತಿಗೆ ಲೈಸೆನ್ಸ್ ಕೊಳ್ಳಬಹುದು ನಿಜ, ಆದರೆ ಒಂದು ಲೇಬಲ್‌ಗೆ ನನಗೆ ಸಿಗುವ ದುಡ್ಡಿನಲ್ಲಿ ಅದು ಗಿಟ್ಟುವುದಿಲ್ಲ. ದೊಡ್ಡ ಡಿಸೈನ್ ಆಫೀಸಿನವರು ಕೊಳ್ಳಲಿ.

ಇನ್ನೊಂದು ಮಾತು. ಸಣ್ಣ ಸೈಜಿನ ಅಕ್ಷರಕ್ಕೆ ಇದನ್ನು ಮುಟ್ಟಲೇಬೇಡಿ. ಪ್ಲಾಸ್ಟಿಕ್ ಕವರ್ ಮೇಲೆ ಸ್ಕ್ರೀನ್ ಪ್ರಿಂಟ್ ಹಾಕಿದರೆ ಇಂಗ್ಲಿಷಿನ ‘ಇ’ (e), ‘ಎ’ (a) ಎರಡರ ಕಣ್ಣಿಗೂ ಇಂಕ್ ತುಂಬುತ್ತದೆ. ಎಂಆರ್‌ಪಿ, ನಿವ್ವಳ ತೂಕ ಕಾನೂನಿನ ಪ್ರಕಾರ ಸ್ಪಷ್ಟವಾಗಿ ಓದಲು ಬರಬೇಕು. ಅವಕ್ಕೆ ಯಾವುದಾದರೂ ಸಾದಾ ಫಾಂಟ್ ಹಾಕಿ.